ಅಕ್ಷರ ಮೊದಲು, ಟ್ರೆಂಡ್ ಆಮೇಲೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಅಂಗಡಿ, ಮಿಲ್, ಖಾನಾವಳಿಗಳ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸ್ಆ್ಯಪ್ ಪೋಸ್ಟ್‌ಗಳ ವಿನ್ಯಾಸದ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಓದುಗರ ಮಾತನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ದಾಲ್ ಮಿಲ್ ಅದರಿ. ಪ್ಯಾಕೆಟ್ ಹಳದಿ, ಅದರ ಮ್ಯಾಲೆ ಕೆಂಪು ಅಕ್ಷರ. ಅಪ್ಪನ ಕಾಲದಿಂದ ಹಂಗೇ ಬಂದದ. ನಮ್ಮ ಅಳಿಯ, ‘ಈಗ ಕಪ್ಪು-ಬಿಳಿ, ಸಿಂಪಲ್ ನಡೀಲಾಕತ್ತದ ಮಾವಾ, ಇದು ಹಳೀ ಕಾಲದ್ದು ಕಾಣ್ತದ’ ಅಂತಾನ. ಬದಲಿ ಮಾಡ್ಬೇಕೇನ್ರಿ?
– ದಾಲ್ ಮಿಲ್ ಮಾಲೀಕರು, ಕಲಬುರಗಿ

ಉತ್ತರ: ಹಳದಿ ಬಿಡಬೇಡಿ. ಅದು ತೊಗರಿಬೇಳೆಯದೇ ಬಣ್ಣ. ಬೆರಳಿನಲ್ಲಿ ಪರದೆ ಸರಿಸುತ್ತ ಹೋಗುವವರು ನಿಮ್ಮ ಹೆಸರು ಓದುವ ಮೊದಲೇ ಬೇಳೆಯನ್ನು ಗುರುತಿಸುತ್ತಾರೆ. ಇಷ್ಟು ಸುಲಭವಾಗಿ ಸಿಕ್ಕ ಗುರುತನ್ನು ಕಪ್ಪು-ಬಿಳಿಗೆ ಕೊಟ್ಟು ಕಳೆದುಕೊಳ್ಳಬಾರದು.

ನಿಮ್ಮ ಅಳಿಯಂದಿರು ಹೇಳುವ ಶೈಲಿ ಇದ್ದದ್ದು ನಿಜ. ಆದರೆ ಈಗ ಗಾಳಿ ಎರಡು ಕಡೆಗೆ ಬೀಸುತ್ತಿದೆ. ಒಂದು ಕಡೆ ಗಾಜಿನ ನೋಟ: ಅರೆಪಾರದರ್ಶಕ ಫಲಕ, ಹಿಂದೆ ಮಸುಕಾದ ಬಣ್ಣಗಳ ಹೊಳಪು. ಆ್ಯಪಲ್ ಕಂಪನಿ 2025ರ ಜೂನ್‌ನಲ್ಲಿ ತನ್ನ ಫೋನ್‌ಗಳಿಗೆ ‘ಲಿಕ್ವಿಡ್ ಗ್ಲಾಸ್’ ರೂಪ ಪ್ರಕಟಿಸಿದ ಮೇಲೆ ಇದು ಪೋಸ್ಟರ್‌ಗಳಿಗೂ ಹಬ್ಬಿತು. ಇನ್ನೊಂದು ಕಡೆ ಕೈಕೆಲಸದ ನೋಟ: ಒರಟು ಕಾಗದ, ಮುದ್ರಣದ ಕಾಳುಕಾಳು, ಕತ್ತರಿಸಿ ಅಂಟಿಸಿದಂಥ ಫೋಟೋ, ಕೈಬರಹದ ಅಕ್ಷರ, ಹೆಚ್ಚು ತಿದ್ದದ ಮೊಬೈಲ್ ಚಿತ್ರ. ಯಂತ್ರ (ಎಐ) ಬರೆದ ನುಣುಪು ಚಿತ್ರಗಳೇ ಎಲ್ಲೆಡೆ ತುಂಬಿದ್ದರಿಂದ ಕೈ ಮುಟ್ಟಿದ ಗುರುತಿರುವ ಚಿತ್ರಕ್ಕೆ ಬೆಲೆ ಬಂದಿದೆ. ಬೇಳೆಗೆ ಒಗ್ಗುವುದು ಎರಡನೆಯದು. ಗಾಜಿನ ಫಲಕದ ಮೇಲೆ ಕನ್ನಡ ಅಕ್ಷರ ಹಾಕಿದರೆ ಹಿಂದಿನ ಚಿತ್ರದ ಗೆರೆಗಳು ಒತ್ತಕ್ಷರಗಳ ಗೆರೆಗಳೊಂದಿಗೆ ಕಲಸಿಹೋಗುತ್ತವೆ. ಹಾಕಲೇಬೇಕೆಂದರೆ ಫಲಕ ಕನಿಷ್ಠ ಶೇ. 80 ಗಟ್ಟಿಯಾಗಿರಲಿ.

ನಿಮ್ಮ ಪ್ಯಾಕೆಟ್‌ನ ನಿಜವಾದ ತೊಂದರೆ ಬೇರೆ ಇದೆ. ಪರದೆಯಲ್ಲಿ ಬೇಳೆ ಹಳದಿಯನ್ನು 255, 194, 14 ಎಂದು ಇಟ್ಟುಕೊಳ್ಳಿ (ಕೆಂಪು, ಹಸಿರು, ನೀಲಿಯ ಅಂಕಿ). ಅದರ ಮೇಲೆ ಸಾಮಾನ್ಯ ಕೆಂಪು 211, 47, 47 ಹಾಕಿದರೆ ಬಣ್ಣಗಳ ಅಂತರದ ಅನುಪಾತ (ಕಾಂಟ್ರಾಸ್ಟ್; ಹೆಚ್ಚಿದಷ್ಟೂ ಓದಲು ಸುಲಭ) 3ರ ಆಸುಪಾಸು ಬರುತ್ತದೆ. ದೊಡ್ಡ ತಲೆಬರಹಕ್ಕೆ ಅಷ್ಟು ನಡೆಯುತ್ತದೆ. ಸಣ್ಣ ಅಕ್ಷರಕ್ಕೆ ಕನಿಷ್ಠ 4.5 ಬೇಕೆಂಬುದು ಜಾಲತಾಣಗಳ ಅಂತರರಾಷ್ಟ್ರೀಯ ಮಾನದಂಡ. ಅದೇ ಕೆಂಪನ್ನು 160, 20, 20ಕ್ಕೆ ಇಳಿಸಿ, ಅನುಪಾತ 5ರ ಹತ್ತಿರ ಹೋಗುತ್ತದೆ. ನೋಡುವವರಿಗೆ ಕೆಂಪು ಕೆಂಪೇ. ತೂಕ, ಬೆಲೆ, ವಿಳಾಸಕ್ಕೆ ಗಾಢ ಕಂದು 62, 39, 35 ಬಳಸಿದರೆ 8 ದಾಟುತ್ತದೆ. ಹಳದಿಯ ಮೇಲೆ ಬಿಳಿ ಅಕ್ಷರ ಮಾತ್ರ ಎಂದಿಗೂ ಬೇಡ. ಅದು 2ನ್ನೂ ಮುಟ್ಟದು. ಲೆಕ್ಕ ಮಾಡುವ ತಾಪತ್ರಯ ಬೇಡವೆಂದರೆ ಫೋನಿನ ಬೆಳಕನ್ನು ಅರ್ಧಕ್ಕೆ ಇಳಿಸಿ, ಮಧ್ಯಾಹ್ನ ಮಿಲ್ಲಿನ ಅಂಗಳಕ್ಕೆ ಬಂದು ಪೋಸ್ಟ್ ಓದಿ. ಕಲಬುರಗಿಯ ಬಿಸಿಲಿನಲ್ಲಿ ಓದಲು ಬಂದದ್ದು ಎಲ್ಲಿಯೂ ಬರುತ್ತದೆ.

ಇನ್ನೊಂದು ಮಾತು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿದೆ. ಹಾಗೆಂದು ಅದರ ಮುದ್ರೆಯನ್ನು ಊರಿನ ಮಿಲ್ಲುಗಳೆಲ್ಲ ಪೋಸ್ಟ್‌ಗೆ ಅಂಟಿಸುವಂತಿಲ್ಲ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗಷ್ಟೇ ಆ ಹಕ್ಕು.

ಪ್ರಶ್ನೆ: ನಾನು ಡಿಟಿಪಿ ಅಂಗಡಿ ನಡೆಸುತ್ತೇನೆ. ನುಡಿಯಲ್ಲಿ ಟೈಪ್ ಮಾಡಿ ಕೋರೆಲ್‌ನಲ್ಲಿ ಬ್ಯಾನರ್ ಮಾಡುವುದು ರೂಢಿ. ಈಗ ಗಿರಾಕಿಗಳು ಇನ್‌ಸ್ಟಾಗ್ರಾಂ ಪೋಸ್ಟ್ ಕೇಳುತ್ತಾರೆ. ಫೋಟೋಶಾಪ್‌ಗೆ ತಂದರೆ ಒತ್ತುಗಳು ಪಕ್ಕಕ್ಕೆ ಹೋಗುತ್ತವೆ, ಕ್ಯಾಪ್ಷನ್‌ಗೆ ಅಂಟಿಸಿದರೆ ಏನೇನೋ ಚಿಹ್ನೆ ಬರುತ್ತವೆ. ಟ್ರೆಂಡ್‌ನಲ್ಲಿರುವ ಕನ್ನಡ ಫಾಂಟ್ ಯಾವುವು?
– ಡಿಟಿಪಿ ಅಂಗಡಿಯವರು, ಶಹಾಪುರ

ಉತ್ತರ: ಇಲ್ಲಿ ಎರಡು ಬೇರೆ ಬೇರೆ ರೋಗ ಇವೆ, ಔಷಧವೂ ಬೇರೆ.

ಚಿಹ್ನೆಗಳು ಬರುವುದಕ್ಕೆ ಕಾರಣ ಹಳೆಯ ಆಸ್ಕಿ ಮಾದರಿಯ ಫಾಂಟ್. ‘ನುಡಿ 01 ಇ’ಯಂಥವುಗಳಲ್ಲಿ ಕನ್ನಡ ಅಕ್ಷರದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಷ್ಟೇ ಅದು ಕನ್ನಡ. ಫೋನಿಗೆ ಹೋದರೆ ಇಂಗ್ಲಿಷ್ ಚಿಹ್ನೆಗಳ ರಾಶಿ. ಹಾಗಾಗಿ ಟೈಪ್ ಮಾಡುವುದನ್ನೇ ಯೂನಿಕೋಡ್‌ಗೆ (ಫೋನು, ಕಂಪ್ಯೂಟರು ಎಲ್ಲೆಡೆ ಕನ್ನಡವಾಗಿಯೇ ಉಳಿಯುವ ಅಕ್ಷರ ಸಂಕೇತ) ಬದಲಿಸಿ. ‘ನುಡಿ’, ‘ಬರಹ’ ಎಂಬ ಎರಡೂ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಯೂನಿಕೋಡ್ ಟೈಪಿಂಗ್ ಇದೆ, ಹಳೆಯ ಕಡತ ಪರಿವರ್ತಿಸುವ ಸೌಲಭ್ಯವೂ ಇದೆ. ಕೀಲಿಮಣೆಯ ಅಭ್ಯಾಸ ಬದಲಿಸಬೇಕಿಲ್ಲ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಎರಡು ಒತ್ತು ಇರುವ ಪದಗಳನ್ನೂ ಕಣ್ಣಾರೆ ನೋಡಿ. ತಪ್ಪು ಉಳಿದಿದ್ದರೆ ಹೆಚ್ಚಾಗಿ ಅಲ್ಲೇ.

ಒತ್ತು ಪಕ್ಕಕ್ಕೆ ಹೋಗುವುದು ಸಾಫ್ಟ್‌ವೇರ್‌ನ ಸೆಟ್ಟಿಂಗ್. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಆರಿಸಿ, ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದು, ಹೊಸ ಫೈಲ್‌ನಲ್ಲಿ ನೋಡಿ. ಹೊಸ ಆವೃತ್ತಿಗಳಲ್ಲಿ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಇರುತ್ತದೆ. ಇಲಸ್ಟ್ರೇಟರ್‌ನಲ್ಲಿ ಟೈಪ್ ಪ್ರಿಫರೆನ್ಸಸ್‌ನ ‘ಶೋ ಇಂಡಿಕ್ ಆಪ್ಷನ್ಸ್’ ಗುರುತು ಹಾಕಿ, ಪ್ಯಾರಾಗ್ರಾಫ್ ಮೆನುವಿನಿಂದ ಸೌತ್ ಏಷ್ಯನ್ ಕಂಪೋಸರ್ ಆರಿಸಬೇಕು.

ಫಾಂಟ್ ವಿಷಯಕ್ಕೆ ಬರೋಣ. ಕಡಿಮೆ ಮಾತು, ದೊಡ್ಡ ದಪ್ಪ ಅಕ್ಷರ – ಇದು ಈಗಿನ ಪೋಸ್ಟ್‌ಗಳ ಮುಖ್ಯ ಲಕ್ಷಣ. ಅದಕ್ಕೆ ‘ಅನೇಕ್ ಕನ್ನಡ’ ಒಳ್ಳೆಯ ಆಯ್ಕೆ. ಏಕ್ ಟೈಪ್ ತಂಡ 2022ರಲ್ಲಿ ಹೊರತಂದದ್ದು. ತೆಳುವಿನಿಂದ ಅತಿ ದಪ್ಪದವರೆಗೆ ತೂಕ, ಇಕ್ಕಟ್ಟಿನಿಂದ ಅಗಲದವರೆಗೆ ಅಳತೆ ಎಲ್ಲವೂ ಒಂದೇ ಕುಟುಂಬದಲ್ಲಿವೆ. ಉದ್ದ ಪದವನ್ನು ಹಿಗ್ಗಾಮುಗ್ಗಾ ಎಳೆದು ಕುಗ್ಗಿಸುವ ಬದಲು ಇಕ್ಕಟ್ಟಿನ ರೂಪ ಆರಿಸಿದರಾಯಿತು. ಸಿಹಿ, ಮಕ್ಕಳ ಬಟ್ಟೆ, ಐಸ್‌ಕ್ರೀಂಗೆ ದುಂಡಗಿನ ‘ಬಾಲೂ ತಮ್ಮ 2’. ಒಡವೆ, ರೇಷ್ಮೆ ಸೀರೆಯಂಥ ಗಂಭೀರ ವಸ್ತುವಿಗೆ ‘ನೋಟೋ ಸೆರಿಫ್ ಕನ್ನಡ’ ಅಥವಾ ‘ಟಿರೋ ಕನ್ನಡ’. ಟಿರೋದಲ್ಲಿ ದಪ್ಪ ರೂಪ ಇಲ್ಲ. ಸಾಫ್ಟ್‌ವೇರ್‌ನ ‘ಬೋಲ್ಡ್’ ಒತ್ತಿ ಸುಳ್ಳು ದಪ್ಪ ಮಾಡಿದರೆ ಅಕ್ಷರದೊಳಗಿನ ಸಣ್ಣ ಜಾಗಗಳು ಮುಚ್ಚಿಕೊಳ್ಳುತ್ತವೆ. ಇವೆಲ್ಲ ಮುಕ್ತ ಪರವಾನಗಿಯವು, ವ್ಯಾಪಾರದ ಕೆಲಸಕ್ಕೂ ಹಣ ಕೊಡಬೇಕಿಲ್ಲ.

ಇಂಗ್ಲಿಷ್ ಪೋಸ್ಟ್ ನೋಡಿ ಕನ್ನಡ ಕೂರಿಸುವಾಗ ಎಡವುವ ಜಾಗಗಳು ಇವು. ಅಕ್ಷರಗಳ ನಡುವಿನ ಅಂತರವನ್ನು ಇಂಗ್ಲಿಷ್‌ನಲ್ಲಿ ಹಿಗ್ಗಿಸುವುದು ಫ್ಯಾಷನ್. ಕನ್ನಡದಲ್ಲಿ ಸೊನ್ನೆಯಲ್ಲೇ ಇಡಿ, ಇಲ್ಲವಾದರೆ ದೀರ್ಘವೂ ಒತ್ತೂ ಮೂಲ ಅಕ್ಷರದಿಂದ ಬಿಟ್ಟು ನಿಲ್ಲುತ್ತವೆ. ಸಾಲುಗಳ ಅಂತರ ಅಕ್ಷರದ ಅಳತೆಯ 1.4ರಿಂದ 1.6 ಪಟ್ಟು ಇರಲಿ. ಇಂಗ್ಲಿಷ್ ತಲೆಬರಹಗಳಂತೆ 1ಕ್ಕೆ ಇಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಅಕ್ಷರಕ್ಕೆ ಅಂಚಿನ ಗೆರೆ ಕೊಟ್ಟಾಗ ಒಳಗೂ ಗೆರೆ ಕಾಣಿಸಿಕೊಂಡರೆ ಅದು ಅಕ್ಷರ ಮತ್ತು ಸ್ವರಚಿಹ್ನೆ ಒಂದರ ಮೇಲೊಂದು ಹಾಯ್ದಿರುವ ಜಾಗ. ಇಲಸ್ಟ್ರೇಟರ್‌ನಲ್ಲಿ ಔಟ್‌ಲೈನ್ ಮಾಡಿ, ಪಾತ್‌ಫೈಂಡರ್‌ನಲ್ಲಿ ‘ಯುನೈಟ್’ ಕೊಟ್ಟು, ಆಮೇಲೆ ಗೆರೆ ಹಾಕಿ. ಯಾವ ಹೊಸ ಫಾಂಟ್ ಇಳಿಸಿಕೊಂಡರೂ ಮೊದಲು ‘ಶ್ರೀ ಶರಣಬಸವೇಶ್ವರ ಜಾತ್ರೆ, ಸ್ವಾತಂತ್ರ್ಯೋತ್ಸವ ರಿಯಾಯ್ತಿ’ ಎಂದು ಎರಡು ಸಾಲಿನಲ್ಲಿ ಬರೆದು ನೋಡಿ. ಅಷ್ಟನ್ನು ಸರಿಯಾಗಿ ತೋರಿಸಿದ ಫಾಂಟ್ ಅಂಗಡಿಯ ಕೆಲಸಕ್ಕೆ ಸಾಕು.

ಅಳತೆ: 1080 ಪಿಕ್ಸೆಲ್ ಅಗಲದ ಚಿತ್ರ ಫೋನಿನಲ್ಲಿ ಸುಮಾರು 7 ಸೆಂ.ಮೀ. ಆಗುತ್ತದೆ. ಅದರಲ್ಲಿ 48 ಪಿಕ್ಸೆಲ್ ಅಕ್ಷರ ಎಂದರೆ ಒತ್ತು, ಗುಡಿಸು ಎಲ್ಲ ಸೇರಿ 3 ಮಿ.ಮೀ. ಅದಕ್ಕಿಂತ ಕೆಳಗೆ ಇಳಿಯಬೇಡಿ. ತಲೆಬರಹಕ್ಕೆ 100ರಿಂದ 140. ಬ್ಯಾನರ್‌ನಲ್ಲಿ ತುಂಬಿದಷ್ಟು ಮಾಹಿತಿ ಇಲ್ಲಿ ಹಿಡಿಸುವುದಿಲ್ಲ; ಅಧ್ಯಕ್ಷರು, ಉಪಾಧ್ಯಕ್ಷರ ಫೋಟೋ ಸಾಲು ಬ್ಯಾನರ್‌ಗೇ ಇರಲಿ.

ಪ್ರಶ್ನೆ: ಪ್ಯಾಂಟೋನ್ ಕಂಪನಿ 2026ಕ್ಕೆ ಬಿಳಿಯನ್ನು ವರ್ಷದ ಬಣ್ಣ ಎಂದಿದೆಯಂತೆ. ನಮ್ಮ ಬೂಟಿಕ್‌ನ ಪೋಸ್ಟ್‌ಗಳನ್ನೆಲ್ಲ ಬಿಳಿಗೆ ತಿರುಗಿಸಲೇ?
– ಬೂಟಿಕ್ ನಡೆಸುವ ಓದುಗರು, ಬೀದರ್

ಉತ್ತರ: ಬೇಡ. ಬಣ್ಣಗಳ ಮಾನದಂಡ ಮಾಡುವ ಪ್ಯಾಂಟೋನ್ ವರ್ಷವರ್ಷವೂ ಒಂದು ಬಣ್ಣ ಹೆಸರಿಸುತ್ತದೆ: 2024ರಲ್ಲಿ ‘ಪೀಚ್ ಫಜ್’, 2025ರಲ್ಲಿ ಕಂದುಛಾಯೆಯ ‘ಮೋಕಾ ಮೂಸ್’, ಈಗ ‘ಕ್ಲೌಡ್ ಡ್ಯಾನ್ಸರ್’ ಎಂಬ ಬಿಳಿ. ವರ್ಷಕ್ಕೊಂದು ಬಣ್ಣ ಉಟ್ಟರೆ ಗಿರಾಕಿಗೆ ನಿಮ್ಮ ಗುರುತು ಸಿಗದು. ಬಿಳಿ ಹಿನ್ನೆಲೆ ನಿಜವಾಗಿ ಬೇಕಿದ್ದರೆ ಅಚ್ಚ ಬಿಳಿಯ ಬದಲು 244, 241, 234 ಇಡಿ. ಅಚ್ಚ ಬಿಳಿ ಪೋಸ್ಟು ಆ್ಯಪ್‌ನ ಬಿಳಿಯಲ್ಲಿ ಕರಗಿ ಅಂಚೇ ಕಾಣುವುದಿಲ್ಲ.

ಪ್ರಶ್ನೆ: ಬಿದರಿ ಕೆಲಸ ಮಾಡುವವರು ನಾವು. ಹೂಜಿ, ಡಬ್ಬಿ, ಬಳೆ ಎದುರಿಗೆ ನೋಡಿದರೆ ಕಡುಕಪ್ಪು. ಮೊಬೈಲ್‌ನಲ್ಲಿ ತೆಗೆದರೆ ಬೂದಿ ಬಣ್ಣ, ಬೆಳ್ಳಿ ಮಾತ್ರ ಬರೀ ಬಿಳಿ ಕಲೆ. ನಮ್ಮ ಪುಟ ಹೊಸ ಕಾಲದ್ದು ಅನ್ನಿಸಬೇಕು, ಕಲೆಯೂ ಕೆಡಬಾರದು.
– ಬಿದರಿ ಕುಶಲಕರ್ಮಿಗಳು, ಬೀದರ್

ಉತ್ತರ: ಈ ಸಲದ ಪ್ರಶ್ನೆಗಳಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಇದು. ಮಟ್ಟಸ ಕಪ್ಪಿನ ಮೇಲೆ ತೆಳು ಬೆಳ್ಳಿ ಗೆರೆ ಎನ್ನುವುದನ್ನು ಬೇರೆ ಬ್ರ್ಯಾಂಡ್‌ಗಳು ಕಂಪ್ಯೂಟರಿನಲ್ಲಿ ಕಷ್ಟಪಟ್ಟು ಹುಟ್ಟಿಸುತ್ತವೆ. ನಿಮಗೆ ಅದು ಸತು-ತಾಮ್ರದ ಮಿಶ್ರಲೋಹದಲ್ಲಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಸಿಕ್ಕಿದೆ. ಫೋಟೋ ಸರಿ ಬಂದರೆ ವಿನ್ಯಾಸದ ಮುಕ್ಕಾಲು ಪಾಲು ಮುಗಿಯಿತು.

ಬೂದಿ ಬಣ್ಣ ಬರುವುದು ಕ್ಯಾಮೆರಾದ ಸ್ವಭಾವದಿಂದ. ಎದುರಿಗೆ ಏನೇ ಇರಲಿ, ಅದು ನಡುಮಟ್ಟದ ಬೂದಿ ಎಂದುಕೊಂಡು ಬೆಳಕಿನ ಲೆಕ್ಕ ಹಾಕುತ್ತದೆ. ಕಪ್ಪು ಕಂಡರೆ ‘ಬೆಳಕು ಸಾಲದು’ ಎಂದು ಏರಿಸುತ್ತದೆ, ಆಗ ಬೆಳ್ಳಿ ಸುಟ್ಟುಹೋಗುತ್ತದೆ. ಪರದೆಯಲ್ಲಿ ವಸ್ತುವಿನ ಕಪ್ಪು ಭಾಗವನ್ನು ಒತ್ತಿ ಹಿಡಿದು ಫೋಕಸ್ ಕಟ್ಟಿಹಾಕಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಅಂಕಿ ತೋರಿಸುವ ಫೋನ್ ಆದರೆ ಮೈನಸ್ 0.7ರಿಂದ 1.3ರೊಳಗೆ. ಎಚ್‌ಡಿಆರ್ ಬಂದ್ ಮಾಡಲು ಬಂದರೆ ಬಂದ್ ಮಾಡಿಬಿಡಿ; ನೆರಳನ್ನು ಎತ್ತಿ ತೋರಿಸುವುದೇ ಅದರ ಕೆಲಸ, ನಿಮಗೆ ಬೇಕಾದದ್ದು ತದ್ವಿರುದ್ಧ.

ಫ್ಲ್ಯಾಷ್ ಬೇಡವೇ ಬೇಡ. ನೇರ ಬಿಸಿಲು ಬೀಳದ ಕಿಟಕಿ ಹುಡುಕಿ, ಉತ್ತರ ದಿಕ್ಕಿನದಾದರೆ ಒಳ್ಳೆಯದು. ಕಿಟಕಿಗೆ ಟ್ರೇಸಿಂಗ್ ಕಾಗದ ಅಥವಾ ತೆಳು ಬಿಳಿ ಧೋತರ ಕಟ್ಟಿ. ವಸ್ತುವನ್ನು ಕಿಟಕಿಯಿಂದ ಎರಡು ಅಡಿ ದೂರ, ಬೆಳಕು ಪಕ್ಕದಿಂದ ತುಸು ಹಿಂದೆ ಬರುವಂತೆ ಇಡಿ. ಆಗ ಬೆಳ್ಳಿಯ ಗೆರೆ ಹೊಳೆಯುತ್ತದೆ, ಕಪ್ಪು ಹೊಳೆಯುವುದಿಲ್ಲ. ಎದುರು ಬದಿಗೆ ಬಿಳಿ ರಟ್ಟು ನಿಲ್ಲಿಸಿದರೆ ನೆರಳು ಕಡಿಮೆಯಾಗುತ್ತದೆ. ರಟ್ಟು ದೂರ ಸರಿಸಿ ಎಷ್ಟು ಬೇಕೋ ಅಷ್ಟೇ ಬೆಳಕು ಹಿಂದಿರುಗಿಸಿ. ದುಂಡು ಹೂಜಿಯ ಮೇಲೆ ತೆಗೆಯುವವರ ಬಿಳಿ ಅಂಗಿ ಕಾಣಿಸುತ್ತದೆ, ಕಪ್ಪು ಬಟ್ಟೆ ತೊಡಿ. ತೀರ ಹತ್ತಿರ ಹೋಗಿ ತೆಗೆದರೆ ಹೂಜಿಯ ಹೊಟ್ಟೆ ಉಬ್ಬಿದಂತೆ ಬರುತ್ತದೆ. ಹಿಂದೆ ಸರಿದು ‘2 ಪಟ್ಟು’ ಲೆನ್ಸ್‌ನಲ್ಲಿ ತೆಗೆಯಿರಿ. ಎಣ್ಣೆ ಹಚ್ಚಿ ಒರೆಸಿದ ತಕ್ಷಣ ತೆಗೆಯಬೇಡಿ, ಬೆರಳ ಗುರುತು ಎದ್ದು ಕಾಣುತ್ತದೆ. ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಆಮೇಲೆ ಬಟ್ಟೆಯಲ್ಲೇ ಹಿಡಿದು ಇಡಿ.

ಹಿನ್ನೆಲೆ ಕಪ್ಪು ಬೇಡ, ವಸ್ತುವಿನ ಅಂಚೇ ಕಳೆದುಹೋಗುತ್ತದೆ. ಶಹಾಬಾದ್ ಫರ್ಸಿಯ ಒಂದು ತುಂಡು ಸಾಕು. ಬೂದು ಬಣ್ಣ, ಹೊಳಪಿಲ್ಲದ ಮೈ, ಈ ಭಾಗದ್ದೇ ಕಲ್ಲು. ಎಲ್ಲ ಪೋಸ್ಟ್‌ಗಳಲ್ಲೂ ಅದೇ ತುಂಡು ಬಳಸಿದರೆ ಪುಟಕ್ಕೆ ಒಂದು ಮುಖ ಬರುತ್ತದೆ.

ಒಂದು ವಸ್ತುವಿಗೆ ಹಲವು ಚಿತ್ರಗಳ ಸರಣಿ ಮಾಡಿ: ಪೂರ್ತಿ ವಸ್ತು, ಕುಸುರಿಯ ಹತ್ತಿರದ ನೋಟ, ಚಾಣ ಹಿಡಿದ ಕೈ, ಅಳತೆ ಗೊತ್ತಾಗಲು ಅಂಗೈ ಮೇಲೆ ಇಟ್ಟದ್ದು, ಕೊನೆಗೆ ಬೆಲೆ ಮತ್ತು ಸಂಪರ್ಕ. ವಿಡಿಯೊ ಮಾಡುವಿರಾದರೆ ಮಣ್ಣಿನ ದ್ರಾವಣ ತಾಗಿ ಬೂದು ಲೋಹ ಕಪ್ಪಾಗುವ, ಬೆಳ್ಳಿ ಹಾಗೇ ಉಳಿಯುವ ಗಳಿಗೆಗಿಂತ ದೊಡ್ಡ ವಿಷಯ ಇನ್ನೊಂದಿಲ್ಲ. ಫೋನ್ ಸ್ಟ್ಯಾಂಡಿಗೆ ಕಟ್ಟಿ, ಅಲುಗಿಸದೆ, ಸಂಗೀತವಿಲ್ಲದೆ, ಉಜ್ಜುವ ಸದ್ದಿನೊಂದಿಗೆ 15-20 ಸೆಕೆಂಡು. ತಿದ್ದದ ಕೆಲಸದ ವಿಡಿಯೊ ಈಗಿನ ಅಭಿರುಚಿಗೆ ಸರಿಯಾಗಿ ಕೂರುತ್ತದೆ.

ನಿಮ್ಮ ಬಳ್ಳಿಯ ಕುಸುರಿಯನ್ನೇ ಪೋಸ್ಟ್‌ನ ಅಂಚಿಗೆ ಬಳಸಬಹುದು, ಆದರೆ ಒಂದೇ ಬದಿಗೆ. ನಾಲ್ಕೂ ಕಡೆ ಹಾಕಿದರೆ ಲಗ್ನಪತ್ರಿಕೆಯಾಗುತ್ತದೆ. ಗೆರೆ 3 ಪಿಕ್ಸೆಲ್‌ಗಿಂತ ತೆಳುವಾದರೆ ಆ್ಯಪ್ ಚಿತ್ರವನ್ನು ಕುಗ್ಗಿಸುವಾಗ ಒಡೆದು ಹಲ್ಲುಹಲ್ಲಾಗಿ ಕಾಣುತ್ತದೆ.

ಪ್ರಶ್ನೆ: ಸೀರಿ ಅಂಗಡಿ ಪೇಜಿನಾಗ ಮೊದಲು ಹಾಕಿದ ಪೋಸ್ಟ್‌ಗಳ ಎಡಬಲ ಕಟ್ ಆಗ್ಯಾವ. ರೀಲ್ಸ್ ಮ್ಯಾಲೆ ಬರೆದ ರೇಟೂ ಕಾಣವಲ್ದು. ಸೈಜ್ ಯಾವುದು ಇಡಬೇಕ್ರಿ?
– ಸೀರೆ ವ್ಯಾಪಾರಿ, ಬಸವಕಲ್ಯಾಣ

ಉತ್ತರ: 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂ ಪುಟದ ಚೌಕಗಳನ್ನು ತೆಗೆದು 3:4 ಅಳತೆಯ ಉದ್ದನೆ ಮನೆಗಳನ್ನು ಮಾಡಿತು. 1080×1080ರ ಹಳೆಯ ಚೌಕ ಪೋಸ್ಟ್ ಆ ಮನೆಯಲ್ಲಿ ಕೂತಾಗ ನಡುವಿನ 810 ಪಿಕ್ಸೆಲ್ ಅಗಲ ಉಳಿದು, ಎಡಕ್ಕೆ 135, ಬಲಕ್ಕೆ 135 ಮರೆಯಾಗುತ್ತವೆ. ಪೋಸ್ಟ್ ತೆರೆದರೆ ಪೂರ್ತಿ ಇದೆ, ಕತ್ತರಿ ಬೀಳುವುದು ಪುಟದ ನೋಟಕ್ಕಷ್ಟೆ. ಮುಖ್ಯವಾದ ಹಳೆಯ ಪೋಸ್ಟ್‌ಗಳಿಗೆ ‘ಅಡ್ಜಸ್ಟ್ ಪ್ರಿವ್ಯೂ’ ಆಯ್ಕೆಯಲ್ಲಿ ಸರಿಸಿಕೊಳ್ಳಿ, ಉಳಿದದ್ದು ಬಿಡಿ.

ಇನ್ನು ಮುಂದೆ 1080×1350 ಮಾಡಿ. ಇದರಲ್ಲಿ ಪುಟದ ನೋಟಕ್ಕೆ ಎರಡೂ ಬದಿ ತಲಾ 34 ಪಿಕ್ಸೆಲ್ ಮಾತ್ರ ಹೋಗುತ್ತದೆ. ಅಂಚಿನಿಂದ 70 ಪಿಕ್ಸೆಲ್ ಒಳಗೆ ಅಕ್ಷರ ಇಟ್ಟರೆ ಚಿಂತೆಯಿಲ್ಲ. 1080×1440 ಕೂಡ ಈಗ ನಡೆಯುತ್ತದೆ, ಸೆರಗು ಇಳಿಬಿಟ್ಟ ಸೀರೆಗೆ ಅದೇ ಚೆಂದ.

ರೀಲ್ಸ್ 1080×1920. ಕೆಳಗೆ ಖಾತೆಯ ಹೆಸರು, ಕ್ಯಾಪ್ಷನ್, ಬಲಕ್ಕೆ ಲೈಕ್ ಗುಂಡಿಗಳು ಕೂರುತ್ತವೆ. ಜಾಹೀರಾತಿನ ರೀಲ್ಸ್‌ಗೆ ಇನ್‌ಸ್ಟಾಗ್ರಾಂನ ಒಡೆತನದ ಕಂಪನಿ ಮೆಟಾ ಕೊಡುವ ಸೂಚನೆ: ಮೇಲೆ ಶೇ. 14, ಕೆಳಗೆ ಶೇ. 35, ಬದಿಗಳಲ್ಲಿ ಶೇ. 6 ಖಾಲಿ ಬಿಡಿ. ಅಂದರೆ ಮೇಲಿನಿಂದ 270ರಿಂದ 1248ನೇ ಪಿಕ್ಸೆಲ್ ನಡುವೆ ರೇಟು ಬರೆಯಬೇಕು. ರೀಲ್ಸ್‌ನ ಮುಖಚಿತ್ರ ಪುಟದಲ್ಲಿ ಕಾಣುವಾಗ ಮೇಲೆ 240, ಕೆಳಗೆ 240 ಹೋಗುತ್ತದೆ ಎಂಬುದೂ ನೆನಪಿರಲಿ.

ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸುವಾಗ ‘ಎಚ್‌ಡಿ’ ಗುಂಡಿ ಒತ್ತಿ ಕಳಿಸಿ. ಜರಿಯ ನೇಯ್ಗೆ ಮುಖ್ಯವಾದ ಸೀರೆಯಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಅದು ಚಿತ್ರವನ್ನು ಕುಗ್ಗಿಸುವುದಿಲ್ಲ.

ಪ್ರಶ್ನೆ: ಖಾನಾವಳಿ ಇಟ್ಟೀವಿ. ಎಐದಾಗ ರೊಟ್ಟಿ ಊಟದ ಫೋಟೋ ಮಾಡಿಸಿ ಹಾಕಿದ್ರ ಭಾಳ ಚಂದ ಬರ್ತದ ಅಂತಾರ. ಹಾಕ್ಬಹುದೇನ್ರಿ?
– ಖಾನಾವಳಿಯವರು, ಯಾದಗಿರಿ

ಉತ್ತರ: ಊಟದ ಚಿತ್ರಕ್ಕೆ ಬೇಡ ಅಕ್ಕೋರೆ. ಯಂತ್ರಕ್ಕೆ ‘ಜೋಳದ ರೊಟ್ಟಿ’ ಎಂದರೆ ಹಲವು ಸಲ ನಾನ್ ತರಹದ್ದು ಬರೆಯುತ್ತದೆ: ದಪ್ಪ, ಮೇಲೆ ಬೆಣ್ಣೆಯ ಹೊಳಪು, ಕೊತ್ತಂಬರಿ ಉದುರಿಸಿದ್ದು. ಇಲ್ಲಿಯವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹೊರಗಿನಿಂದ ಬಂದವರು ಆ ಚಿತ್ರ ನಂಬಿ ಬಂದರೆ ತಾಟು ನೋಡಿ ಜಗಳಕ್ಕೆ ನಿಲ್ಲುತ್ತಾರೆ. ಮೆಟಾದ ಆ್ಯಪ್‌ಗಳು ಇಂಥ ಚಿತ್ರ ಗುರುತಿಸಿದರೆ ‘ಎಐ ಇನ್ಫೋ’ ಎಂಬ ಚೀಟಿಯನ್ನೂ ಅಂಟಿಸುತ್ತವೆ. ಊಟದ ಪೋಸ್ಟ್ ಮೇಲೆ ಆ ಚೀಟಿ ಇದ್ದರೆ ನಂಬಿಕೆ ಅಲ್ಲಿಗೇ ಹೋಯಿತು.

ನಿಮ್ಮದೇ ತಾಟು ತೆಗೆಯಿರಿ. ಹೊತ್ತು ಬೆಳಿಗ್ಗೆ ಹತ್ತು-ಹನ್ನೊಂದು, ಜಾಗ ಬಾಗಿಲ ಹತ್ತಿರದ ಮೇಜು, ಟ್ಯೂಬ್‌ಲೈಟ್ ಆರಿಸಿ. ಎರಡೂ ಬೆಳಕು ಬೆರೆತರೆ ರೊಟ್ಟಿ ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ ಕಾಣುತ್ತದೆ. ಸ್ಟೀಲ್ ತಾಟು ಮೇಲಿನ ಛಾವಣಿಯನ್ನೆಲ್ಲ ಪ್ರತಿಬಿಂಬಿಸುತ್ತದೆ, ಫೋಟೋಕ್ಕಷ್ಟೇ ಮುತ್ತಲ ಎಲೆಯ ಪತ್ರಾವಳಿ ಬಳಸಿ. ಎಣ್ಣೆಗಾಯಿ ಕಂದು, ಬೇಳೆ ಹಳದಿ, ರೊಟ್ಟಿ ಮಾಸಲು ಬಿಳಿ. ಹಸಿ ಮೆಂತ್ಯಸೊಪ್ಪು, ಗಜ್ಜರಿ, ಉಳ್ಳಾಗಡ್ಡಿ, ಶೇಂಗಾ ಹಿಂಡಿ ಪಕ್ಕಕ್ಕೆ ಬಂದರೆ ಬಣ್ಣ ತಾನಾಗಿ ಕೂಡುತ್ತದೆ. ಬೆಳಕು ತಾಟಿನ ಹಿಂದಿನಿಂದ ಬರಲಿ, ಎಣ್ಣೆಯ ಹೊಳಪೂ ಬಿಸಿ ರೊಟ್ಟಿಯ ಹಬೆಯೂ ಆಗಲೇ ಸಿಗುವುದು. ಫಿಲ್ಟರ್ ಹಾಕಬೇಡಿ.

ಎಐ ಬೇಕೆಂದರೆ ಹಬ್ಬದ ಶುಭಾಶಯದ ಹಿನ್ನೆಲೆಗೆ ಬಳಸಿ, ಅಕ್ಷರ ಮಾತ್ರ ನೀವೇ ಟೈಪ್ ಮಾಡಿ. ಯಂತ್ರ ಬರೆದ ಕನ್ನಡದಲ್ಲಿ ಒತ್ತಕ್ಷರ ಬಂದ ಕಡೆ ಇಲ್ಲದ ಅಕ್ಷರಗಳೇ ಹುಟ್ಟಿಕೊಳ್ಳುತ್ತವೆ.

ಪ್ರಶ್ನೆ: ನಮ್ಮ ಗಿರಾಕಿಗಳಲ್ಲಿ ಕನ್ನಡ, ಉರ್ದು ಓದುವವರಿಬ್ಬರೂ ಇದ್ದಾರೆ, ಇಂಗ್ಲಿಷೂ ಬೇಕು. ಮೂರನ್ನೂ ಹಾಕಿದರೆ ಪೋಸ್ಟ್ ಸಂತೆಯಾಗುತ್ತದೆ.
– ರೆಡಿಮೇಡ್ ಬಟ್ಟೆ ಅಂಗಡಿ, ಕಲಬುರಗಿ

ಉತ್ತರ: ಒಂದು ಚಿತ್ರದಲ್ಲಿ ಎರಡು ಲಿಪಿ ಸಾಕು. ಮೊದಲ ಚಿತ್ರ ಕನ್ನಡ-ಇಂಗ್ಲಿಷ್, ಎರಡನೆಯದು ಉರ್ದು-ಇಂಗ್ಲಿಷ್. ಬಟ್ಟೆಯ ಫೋಟೋ, ಬಣ್ಣ ಅವೇ. ಉರ್ದುವಿಗೆ ‘ನೋಟೋ ನಸ್ತಾಲೀಕ್ ಉರ್ದು’ ಬಳಸಿ. ನಸ್ತಾಲೀಕ್ ಮೇಲಿನಿಂದ ಇಳಿಜಾರಾಗಿ ಸಾಗುವ ಬರಹ, ಸಾಲಿನ ಅಂತರ ಅಕ್ಷರದ ಅಳತೆಯ 2 ಪಟ್ಟಾದರೂ ಬೇಕು. ಬಲಕ್ಕೆ ಹೊಂದಿಸಿ, ಹಾಗೆಯೇ ಚಿತ್ರದ ಜೋಡಣೆಯನ್ನೂ ತಿರುಗಿಸಿ, ಅಂದರೆ ಬಟ್ಟೆ ಎಡಕ್ಕೆ, ಬರಹ ಬಲಕ್ಕೆ. ಅಕ್ಷರಗಳು ಬಿಡಿಬಿಡಿಯಾಗಿ, ಹಿಂದುಮುಂದಾಗಿ ಬಂದರೆ ಶಹಾಪುರದ ಓದುಗರಿಗೆ ಹೇಳಿದ ಅದೇ ಸೆಟ್ಟಿಂಗ್ ನೋಡಿ. ಕನ್ನಡ, ಉರ್ದು ಎರಡನ್ನೂ ಒಂದೇ ಲೇಯರ್‌ನಲ್ಲಿ ಟೈಪ್ ಮಾಡಬೇಡಿ, ದಿಕ್ಕು ಗೊಂದಲವಾಗುತ್ತದೆ.

ಕನ್ನಡದ ಪಕ್ಕದಲ್ಲಿ ಇಂಗ್ಲಿಷನ್ನು ದೊಡ್ಡಕ್ಷರಗಳಲ್ಲಿ ಬರೆದರೆ ಅದೇ ಜೋರಾಗಿ ಕಾಣುತ್ತದೆ. ಅದನ್ನು ಶೇ. 10ರಿಂದ 15 ಚಿಕ್ಕದು ಮಾಡಿ. ಬೆಲೆಗೆ 1, 2, 3 ಅಂಕಿಗಳೇ ಇರಲಿ, ಮೂರೂ ಓದುಗರಿಗೆ ಅವು ನಡೆಯುತ್ತವೆ.

ಪ್ರಶ್ನೆ: ರೀಲ್ಸ್‌ನಲ್ಲಿ ಕುಣಿಯುವ ಅಕ್ಷರಗಳ ಟ್ರೆಂಡ್ ಇದೆಯಲ್ಲ, ಕನ್ನಡದಲ್ಲಿ ಮಾಡಿದರೆ ಅಕ್ಷರ ಮುರಿಯುತ್ತದೆ. ಯಾಕೆ?
– ಪದವಿ ವಿದ್ಯಾರ್ಥಿ, ಸೇಡಂ

ಉತ್ತರ: ಟೆಂಪ್ಲೇಟ್‌ಗಳು ಒಂದೊಂದೇ ಅಕ್ಷರವನ್ನು ಕುಣಿಸುತ್ತವೆ. ‘ಸ್ತ್ರೀ’ ನಮಗೆ ಒಂದು ಅಕ್ಷರ. ಕಂಪ್ಯೂಟರಿಗೆ ಅದು ಸ, ತ, ರ, ನಡುವೆ ಎರಡು ವಿರಾಮ (ಒತ್ತು ಕೂಡಿಸುವ ಗುರುತು), ಕೊನೆಗೆ ಈಕಾರ. ಒಂದೊಂದು ತುಣುಕನ್ನೂ ಬೇರೆ ಹೊತ್ತಿಗೆ ಎಬ್ಬಿಸಿದರೆ ಮುರಿಯದೆ ಇನ್ನೇನು? ಆಫ್ಟರ್ ಎಫೆಕ್ಟ್ಸ್ ಎಂಬ ವಿಡಿಯೊ ಸಾಫ್ಟ್‌ವೇರ್‌ನಲ್ಲಾದರೆ ಆ್ಯನಿಮೇಟರ್‌ನ ‘ಬೇಸ್ಡ್ ಆನ್’ ಆಯ್ಕೆಯನ್ನು ‘ವರ್ಡ್ಸ್’ಗೆ ಬದಲಿಸಿ, ಪದಪದವಾಗಿ ಕುಣಿಯಲಿ. ಮೊಬೈಲ್ ಆ್ಯಪ್‌ನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಪ್ರತಿ ಪದವನ್ನು ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರ ಮಾಡಿಕೊಂಡು ವಿಡಿಯೊ ಮೇಲೆ ಇಡಿ. ಚಿತ್ರ ಮುರಿಯುವುದಿಲ್ಲ.

ಒಂದು ಸಾಲು ಪರದೆಯಲ್ಲಿ ಎಷ್ಟು ಹೊತ್ತು ಇರಬೇಕು ಎಂದು ತಿಳಿಯಲು ಅದನ್ನು ಗಟ್ಟಿಯಾಗಿ ಎರಡು ಸಲ ಓದಿ, ಅಷ್ಟು ಹೊತ್ತು ಇಡಿ. ಮಿನುಗು ಸೆಕೆಂಡಿಗೆ ಮೂರು ಸಲ ಮೀರಬಾರದು. ಅಪಸ್ಮಾರ ಇರುವವರಿಗೆ ಅದು ಅಪಾಯ.

ಪ್ರಶ್ನೆ: ಊರಿನ ಪೇಂಟರ್ ಬರೆದ ಬೋರ್ಡ್ ಅಕ್ಷರ ನಮಗೆ ಇಷ್ಟ. ಅದನ್ನೇ ಲೋಗೋ ಮಾಡಿಕೊಳ್ಳಬಹುದೇ? ಕ್ಯಾನ್ವಾದಲ್ಲಿ ರೆಡಿ ಲೋಗೋ ಸಿಗುತ್ತದೆ ಎನ್ನುತ್ತಾರೆ.
– ಕಿರಾಣಿ ಅಂಗಡಿ, ಸುರಪುರ

ಉತ್ತರ: ಪೇಂಟರ್ ಅಕ್ಷರವೇ ಮೇಲು. ಕ್ಯಾನ್ವಾದ ಸಿದ್ಧ ಚಿತ್ರಗಳನ್ನು ಬಳಸಿದ ಲೋಗೋವನ್ನು ನೀವು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಅದರ ಪರವಾನಗಿ ಬಿಡುವುದಿಲ್ಲ. ಅದೇ ಚಿತ್ರ ನಾಳೆ ಪಕ್ಕದ ಅಂಗಡಿಯ ಲೋಗೋದಲ್ಲೂ ಬರಬಹುದು.

ಬೋರ್ಡಿನ ಫೋಟೋ ತೆಗೆಯಬೇಡಿ, ಓರೆ ಮತ್ತು ಹೊಳಪು ಬರುತ್ತವೆ. ಎ3 ಡ್ರಾಯಿಂಗ್ ಹಾಳೆ ಕೊಟ್ಟು, ಕಪ್ಪು ಬಣ್ಣದಲ್ಲಿ, ಚಪ್ಪಟೆ ಕುಂಚದಲ್ಲಿ ಹೆಸರನ್ನು ನಾಲ್ಕೈದು ಸಲ ಬರೆಸಿ. ನೆರಳು, ಅಂಚು ಏನೂ ಬೇಡ. ಪೂರ್ತಿ ಒಣಗಿದ ಮೇಲೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಎ4 ಸ್ಕ್ಯಾನರ್ ಆದರೆ ಎರಡು ತುಂಡಾಗಿ. ಇಂಕ್‌ಸ್ಕೇಪ್ ಉಚಿತ ಸಾಫ್ಟ್‌ವೇರ್, ಚಿತ್ರವನ್ನು ಗೆರೆಗಳಾಗಿ ಬದಲಿಸುವ ಅದರ ‘ಟ್ರೇಸ್ ಬಿಟ್‌ಮ್ಯಾಪ್’ನಲ್ಲಿ ಬ್ರೈಟ್‌ನೆಸ್ ಮಿತಿಯನ್ನು 0.45ರಿಂದ ಶುರು ಮಾಡಿ. ಒತ್ತಿನ ತೆಳು ಬಾಲ ಮಾಯವಾದರೆ ಮಿತಿ ಏರಿಸಿ, ಅಕ್ಷರದ ಹೊಟ್ಟೆ ತುಂಬಿಕೊಂಡರೆ ಇಳಿಸಿ. ಕುಂಚದ ಒರಟು ತುದಿಗಳನ್ನು ನಯ ಮಾಡಬೇಡಿ. ಎಷ್ಟು ಹಿಗ್ಗಿಸಿದರೂ ಒಡೆಯದ ಎಸ್‌ವಿಜಿ ಕಡತ ಒಂದು, ಹಿನ್ನೆಲೆಯಿಲ್ಲದ 2000 ಪಿಕ್ಸೆಲ್ ಪಿಎನ್‌ಜಿ ಕಪ್ಪಿನಲ್ಲಿ ಒಂದು, ಬಿಳಿಯಲ್ಲಿ ಒಂದು ಇಟ್ಟುಕೊಳ್ಳಿ. ವಾಟ್ಸ್ಆ್ಯಪ್ ಡಿಪಿ ದುಂಡಗೆ ಕತ್ತರಿಸುವುದರಿಂದ ಉದ್ದ ಹೆಸರು ಅಲ್ಲಿ ಹಿಡಿಸದು, ಮೊದಲ ಅಕ್ಷರ ಮಾತ್ರ ದೊಡ್ಡದಾಗಿ ಹಾಕಿ.

ಪೇಂಟರ್‌ಗೆ ಬೋರ್ಡಿನ ಕೂಲಿಗಿಂತ ಹೆಚ್ಚು ಕೊಡಿ, ಏಕೆಂದರೆ ನೀವು ಕೊಳ್ಳುತ್ತಿರುವುದು ಅಕ್ಷರದ ಹಕ್ಕು. ಅದನ್ನು ಬರಹದಲ್ಲಿ ಮಾಡಿಸಿ, ಸಹಿ ಹಾಕಿಸಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು; ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ ಎಂದು ಲೆಕ್ಕ. ಹಾಗಾಗಿ ಆ ಕಾಗದದಲ್ಲಿ ಅವಧಿಯ ಸಾಲನ್ನು ಬಿಡಬೇಡಿ.